ಜಿದಾನ್‌ಗೆ ಪ್ರೆಶರ್, ನಮ್ಮ ಹುಡುಗನಿಗೆ ಕೊಬ್ಬು

ಬಳ್ಳಾರಿಯಲ್ಲಿ ಮೇ ತಿಂಗಳು. ಸಂಜೆ ಆರಾದರೂ ಗುಡ್ಡದ ಬಂಡೆ ಕಾದ ಹೆಂಚಿನ ಹಾಗೆ ಝಳ ಉಗುಳುತ್ತಿತ್ತು. ಕೆಳಗಿನ ಬಯಲಲ್ಲಿ ಫುಟ್‌ಬಾಲ್ ಆಡುತ್ತಿದ್ದ ನಮ್ಮ ಹುಡುಗ ಎದುರಿನವನ ಮೊಣಕಾಲಿಗೆ ಒದ್ದ. ಹುಡುಗನ ಸೋದರಮಾವ, ಅಂದರೆ ನಮ್ಮ ಭಾವಮೈದುನ, ಅರ್ಧ ತಿಂದ ಮಿರ್ಚಿ ಹಿಡಿದುಕೊಂಡೇ ಓಡಿಬಂದು ಎರಡು ಬಿಟ್ಟ. "ಏನಲೇ, ಕೊಬ್ಬು ಜಾಸ್ತಿ ಆಗ್ಯಾದೇನು?"

ಫ್ರಾನ್ಸ್ ಫುಟ್‌ಬಾಲ್ ತಂಡದ ನಾಯಕನಾಗಿದ್ದ ಜಿದಾನ್ ವಿಷಯ ಬಂದರೆ ಇದೇ ಬಾಯಿ ಬೇರೆ ಮಾತಾಡುತ್ತದೆ. 2006ರ ವಿಶ್ವಕಪ್ ಫೈನಲ್, ಬರ್ಲಿನ್, 110ನೇ ನಿಮಿಷ. ಇಟಲಿಯ ಮಟೆರಾಟ್ಸಿ ಜಿದಾನ್‌ನ ಅಕ್ಕನ ಬಗ್ಗೆ ಕೆಟ್ಟದಾಗಿ ಅಂದ. ಜಿದಾನ್ ತಲೆಯಿಂದ ಅವನ ಎದೆಗೆ ಗುದ್ದಿದ. ಕೆಂಪು ಕಾರ್ಡ್ ಸಿಕ್ಕಿತು, ಫ್ರಾನ್ಸ್ ಸೋತಿತು. ಟೂರ್ನಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಮಾತ್ರ ಅವನಿಗೇ ಬಂತು! "ಅದು ಪ್ರೆಶರ್ ರೀ ಭಾವಾ, ಸೈಕಾಲಜಿ," ಅಂತಾನೆ ನಮ್ಮ ಭಾವಮೈದುನ.

ಅವನು ಹೇಳೋದು ಸುಳ್ಳೇನಲ್ಲ. ಬೇಕಾದ್ದು ಕೈಗೆ ಸಿಗದೆ ತಡೆ ಬಿದ್ದಾಗ ಮನುಷ್ಯ ಮೈಮೇಲೆ ಬೀಳುತ್ತಾನೆ ಎಂದು ಯೇಲ್ ವಿಶ್ವವಿದ್ಯಾಲಯದವರು 1939ರಲ್ಲೇ ಬರೆದರು. ದೊಡ್ಡವರು ಗೊಂಬೆಗೆ ಹೊಡೆಯೋದನ್ನು ನೋಡಿದ ಮಕ್ಕಳು ತಾವೂ ಹೊಡೆದರು ಎಂದು ಮನಶ್ಶಾಸ್ತ್ರಜ್ಞ ಬಂಡೂರಾ 1961ರಲ್ಲಿ ತೋರಿಸಿದರು. ಇನ್ನು ಎದುರಾಳಿಯನ್ನು ಬೈದು ಕೆಣಕಿ ಕಾರ್ಡ್ ತಿನ್ನಿಸೋದು ದೊಡ್ಡ ಆಟದಲ್ಲಿ ಒಂದು ವಿದ್ಯೆಯೇ. ನಮ್ಮ ಓಣಿಯಲ್ಲಿ ಅದಕ್ಕೆ ಕಿತಾಪತಿ ಅಂತಾರೆ, ಅಷ್ಟೇ ವ್ಯತ್ಯಾಸ.

ಉರುಗ್ವೆಯ ಆಟಗಾರ ಸುವಾರೆಜ್‌ನನ್ನೇ ನೋಡಿ. 2010ರಲ್ಲಿ ಒಬ್ಬನನ್ನು ಕಚ್ಚಿದ, 2013ರಲ್ಲಿ ಇನ್ನೊಬ್ಬನನ್ನು, 2014ರ ವಿಶ್ವಕಪ್‌ನಲ್ಲಿ ಇಟಲಿಯ ಕಿಯೆಲ್ಲಿನಿಯ ಭುಜವನ್ನು. ನಾಲ್ಕು ತಿಂಗಳು ಆಟದಿಂದಲೇ ನಿಷೇಧ. ಆ ನಿಷೇಧ ಮುಗಿಯುವ ಮೊದಲೇ ಬಾರ್ಸಿಲೋನಾ ಕ್ಲಬ್ ಕೋಟಿಗಟ್ಟಲೆ ಸುರಿದು ಅವನನ್ನು ಕೊಂಡುಕೊಂಡಿತು. ನಮ್ಮ ಓಣಿಯ ನಾಯಿ ಮೂರನೇ ಸಲ ಕಚ್ಚಿದಾಗ ಅದರ ಸೈಕಾಲಜಿ ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನೀರಿನ ಟ್ಯಾಂಕರ್ ಬಂತು. ನಲ್ಲಿಗೆ ನೀರು ಬಂದು ಹತ್ತು ದಿನ ಆಗಿತ್ತು. ಭಾವಮೈದುನನ ಕೊಡ ಪಾಳಿಯಲ್ಲಿ ನಾಲ್ಕನೆಯದು. ಯಾರೋ ಹಿಂದಿನಿಂದ ಒಂದು ಹಸಿರು ಕೊಡ ಮುಂದೆ ತಳ್ಳಿದರು. ಇವನು ಅದನ್ನು ಝಾಡಿಸಿ ಒದ್ದ. ಅದು ಉರುಳಿಕೊಂಡು ಹೋಗಿ ಚರಂಡಿ ಸೇರಿತು. ಒಳ್ಳೇ ಕಿಕ್ಕೇ, ಸುಳ್ಳು ಯಾಕೆ ಹೇಳಲಿ.

ನಮ್ಮ ಹುಡುಗ ಕಟ್ಟೆ ಮೇಲೆ ಕೂತು ನೋಡುತ್ತಿದ್ದ. ನಿನ್ನೆ ಬಿದ್ದ ಏಟಿನಿಂದ ಕೆನ್ನೆ ಇನ್ನೂ ಸ್ವಲ್ಪ ಊದಿತ್ತು.

"ಮಾಮಾ," ಅಂದ, "ಇದು ಪ್ರೆಶರೋ, ಕೊಬ್ಬೋ?"