ಆಕರಕೋಶದ ಬಗ್ಗೆ ವಿಕಿಪೀಡಿಯದಲ್ಲಿ ನಮ್ಮೂರಿನವರು ಬರೆಯಬೇಕೇ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಒಂದಷ್ಟು ಕಾಲೇಜು ವಿದ್ಯಾರ್ಥಿಗಳು, ಮೇಷ್ಟ್ರುಗಳು ಸೇರಿ ಕನ್ನಡ ವಿಕಿಪೀಡಿಯದಲ್ಲಿ ಸ್ಟೆಮ್ ಸೆಲ್, ಅಂದರೆ ದೇಹದ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರಕೋಶದ ಲೇಖನಗಳನ್ನು ಬರೆಯಬೇಕು, ಇರುವುದನ್ನು ತಿದ್ದಬೇಕು ಎಂದುಕೊಂಡಿದ್ದಾರೆ. ಇದು ಸ್ವಯಂಸೇವಕರು ಮಾಡುವ ಕೆಲಸವೇ? ಸಾಗರದಲ್ಲಿ ಜೀವಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರು ಹೌದು ಎನ್ನುತ್ತಾರೆ. ಹೊಸನಗರ ಕಡೆಯ ಡಾಕ್ಟರಮ್ಮ ಒಬ್ಬರು ಬೇಡ ಎನ್ನುತ್ತಾರೆ.

ಪರ: ಜಾಹೀರಾತು ಕನ್ನಡ ಕಲಿತಾಗಿದೆ

ಹೆರಿಗೆಗೆ ಇನ್ನೆರಡು ತಿಂಗಳಿದೆ ಎನ್ನುವಾಗ ಗಂಡ ಹೆಂಡತಿಗೆ ಫೋನ್ ಬರುತ್ತದೆ. ಮಗುವಿನ ಹೊಕ್ಕುಳಬಳ್ಳಿಯ ರಕ್ತ ಕೂಡಿಡಿ, ಅದರಲ್ಲಿ ಆಕರಕೋಶ ಇದೆ, ಮುಂದೆ ಎಂಥಾ ಕಾಯಿಲೆ ಬಂದರೂ ಉಪಯೋಗಕ್ಕೆ ಬರುತ್ತದೆ ಎಂದು ಅಚ್ಚ ಕನ್ನಡದಲ್ಲಿ ಹೇಳುತ್ತಾರೆ. ಕಂತಿನಲ್ಲೂ ಕಟ್ಟಬಹುದಂತೆ. ಅಡಿಕೆ ದುಡ್ಡು ಕೈಗೆ ಬಂದಿರುವ ಹೊತ್ತಾದರೆ ಮನೆಯವರು ಹೂಂ ಎಂದುಬಿಡುತ್ತಾರೆ. ಮಗುವಿಗಾಗಿ ತಾನೇ?

ಅವರು ಅವತ್ತು ರಾತ್ರಿ ಮೊಬೈಲಿನಲ್ಲಿ ಕನ್ನಡದಲ್ಲಿ ಹುಡುಕಿದರೆ ಏನು ಸಿಗಬೇಕು? ಇಷ್ಟು ಸಿಕ್ಕರೆ ಸಾಕು. ಮಗುವಿಗೆ ಥಲಸ್ಸೀಮಿಯದಂಥ ಹುಟ್ಟು ರಕ್ತದ ಕಾಯಿಲೆ ಇದ್ದರೆ ಅದರದೇ ಹೊಕ್ಕುಳಬಳ್ಳಿ ರಕ್ತ ಅದಕ್ಕೆ ಪ್ರಯೋಜನವಿಲ್ಲ. ಯಾಕೆಂದರೆ ಕೆಟ್ಟ ಜೀನ್ ಆ ಕೋಶಗಳಲ್ಲೂ ಇರುತ್ತದೆ. 1988ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಸಲ ಈ ರಕ್ತದಿಂದ ಕಸಿ ಮಾಡಿದಾಗ ಹುಡುಗನಿಗೆ ಕೊಟ್ಟಿದ್ದು ಅವನ ರಕ್ತವಲ್ಲ, ಆಗಷ್ಟೇ ಹುಟ್ಟಿದ್ದ ತಂಗಿಯದು. ಮನೆಯಲ್ಲಿ ಈಗಾಗಲೇ ಅಂಥ ಕಾಯಿಲೆ ಇರುವವರಿಲ್ಲದಿದ್ದರೆ ಖಾಸಗಿಯಾಗಿ ಕೂಡಿಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಸಲಹೆ ಕೊಡುವುದಿಲ್ಲ. ಇದು ಗುಟ್ಟೇನಲ್ಲ. ಇಂಗ್ಲಿಷ್ ಬಲ್ಲವರಿಗೆ ಹತ್ತು ನಿಮಿಷದಲ್ಲಿ ಸಿಗುತ್ತದೆ.

ಇನ್ನೊಂದು ವಿಷಯ. ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ರಕ್ತದ ಕ್ಯಾನ್ಸರ್, ಥಲಸ್ಸೀಮಿಯದಂಥ ಕಾಯಿಲೆಗಳಿಗೆ ಮಾಡುವ ರಕ್ತದ ಆಕರಕೋಶಗಳ ಕಸಿ ಮಾತ್ರ ಒಪ್ಪಿತ ಚಿಕಿತ್ಸೆ. ಅಸ್ಥಿಮಜ್ಜೆಯ ಕಸಿ ಎಂದು ನಾವು ಕೇಳಿರುವುದು ಇದನ್ನೇ. ಉಳಿದದ್ದೆಲ್ಲ ಪ್ರಯೋಗ. ಪ್ರಯೋಗ ಅಂದಮೇಲೆ ರೋಗಿಯ ಹತ್ತಿರ ಅದಕ್ಕೆ ದುಡ್ಡು ಕೇಳುವಂತಿಲ್ಲ. ಈ ಎರಡು ವಾಕ್ಯ ಗೊತ್ತಿದ್ದರೆ, ಮಗನ ಆಟಿಸಂಗೋ ಅಪ್ಪನ ಮಂಡಿನೋವಿಗೋ ಲಕ್ಷಗಟ್ಟಲೆ ಕೇಳುವ ಕ್ಲಿನಿಕ್ಕಿನಲ್ಲಿ ಕೂತ ಮನುಷ್ಯನಿಗೆ ಕೇಳಲು ಒಂದು ಪ್ರಶ್ನೆಯಾದರೂ ಇರುತ್ತದೆ. ತೋಟ ಅಡ ಇಡುವ ಮೊದಲು ಆ ಪ್ರಶ್ನೆ ಕೇಳಬೇಕು ಅಲ್ವಾ?

ತಜ್ಞರೇ ಬರೆಯಲಿ ಎನ್ನುವವರಿಗೆ ನನ್ನ ಉತ್ತರ: ಬರೆಯಲಿ, ಯಾರೂ ತಡೆದಿಲ್ಲ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಇಷ್ಟು ವರ್ಷ ಕಾದಿದ್ದೇವೆ. ಇನ್ನೂ ಎಷ್ಟು ಕಾಯುವುದು?

ಅಲ್ಲಿ ಬರೆಯಲು ತಜ್ಞರಾಗಿರಬೇಕು ಎಂಬ ನಿಯಮವೂ ಇಲ್ಲ. ಇರುವುದು ಬೇರೆ ನಿಯಮ, ಅದು ಇನ್ನೂ ಬಿಗಿ. ಸ್ವಂತ ಅಭಿಪ್ರಾಯ ಹಾಕುವಂತಿಲ್ಲ. ಹೇಳಿದ್ದಕ್ಕೆ ಆಧಾರ ಕೊಡಬೇಕು. ವೈದ್ಯಕೀಯ ವಿಷಯವಾದರೆ ನಿನ್ನೆ ಇಲಿಯ ಮೇಲೆ ನಡೆದ ಪ್ರಯೋಗದ ಸುದ್ದಿ ಸಾಲದು. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ ತೂಗಿದ ವಿಮರ್ಶಾ ಲೇಖನವೋ ಸರ್ಕಾರಿ ಮಾರ್ಗಸೂಚಿಯೋ ಬೇಕು. ಯಾರು ಏನು ಬದಲಾಯಿಸಿದರು ಎನ್ನುವುದು ಆ ಲೇಖನದ 'ಇತಿಹಾಸ' ಪುಟದಲ್ಲಿ ತಾರೀಖಿನ ಸಮೇತ ಇರುತ್ತದೆ. ಬಿಎಸ್ಸಿ ಕೊನೆಯ ವರ್ಷದ ಹುಡುಗಿ ಈ ನಿಯಮ ಪಾಲಿಸಿ ಬರೆಯಬಲ್ಲಳು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ನಾಲ್ಕೇ ಜೀನ್ ಸೇರಿಸಿ ಇಲಿಯ ಚರ್ಮದ ಕೋಶವನ್ನು ಆಕರಕೋಶದ ಸ್ಥಿತಿಗೆ ಹಿಂತಿರುಗಿಸಿದ ಕತೆಯನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಅದನ್ನೇ ತಮ್ಮ ಭಾಷೆಯಲ್ಲಿ ಆಧಾರ ಹುಡುಕಿ ಬರೆದರೆ ಪರೀಕ್ಷೆಗೆ ಉರುಹೊಡೆದದ್ದಕ್ಕಿಂತ ಗಟ್ಟಿಯಾಗಿ ತಲೆಯಲ್ಲಿ ಕೂರುತ್ತದೆ.

ತಪ್ಪಾದರೆ? ಆಗುತ್ತದೆ. 2014ರ ಜನವರಿಯಲ್ಲಿ, ಕೋಶಗಳನ್ನು ಆಮ್ಲದಲ್ಲಿ ಅದ್ದಿದರೆ ಸಾಕು, ಆಕರಕೋಶವಾಗುತ್ತವೆ ಎಂದು ಜಪಾನಿನ ತಂಡವೊಂದು ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿತು. ಜುಲೈ ಹೊತ್ತಿಗೆ ಆ ಪ್ರಬಂಧಗಳನ್ನೇ ಹಿಂದಕ್ಕೆ ಪಡೆಯಬೇಕಾಯಿತು. ಅಂಥ ದೊಡ್ಡ ಪತ್ರಿಕೆಯಲ್ಲೇ ತಪ್ಪಾಗುತ್ತದೆ ಅಂದಮೇಲೆ ತಕ್ಷಣ ತಿದ್ದಲು ಬರುವ ಜಾಗದಲ್ಲಿ ಬರೆಯುವುದೇ ಒಳ್ಳೆಯದು.

ವಿರೋಧ: ತಿದ್ದುವವರು ಯಾರು?

ಮೇಷ್ಟ್ರ ಕಾಳಜಿ ನನಗೆ ಅರ್ಥವಾಗುತ್ತದೆ. ಆ ಕ್ಲಿನಿಕ್ಕುಗಳಿಗೆ ಹೋಗಿ ಬರಿಗೈಯಾಗಿ ಬಂದವರನ್ನು ನಾನೂ ನೋಡಿದ್ದೇನೆ. ಆದರೆ ಮೇಷ್ಟ್ರೇ, ನೀವು ಕೊಟ್ಟ ಕೊನೆಯ ಉದಾಹರಣೆಯೇ ನನ್ನ ಭಯ. ಜನವರಿಯಲ್ಲಿ ಬರೆದದ್ದನ್ನು ಜುಲೈನಲ್ಲಿ ಅಳಿಸಲು ಕನ್ನಡದಲ್ಲಿ ಯಾರಿದ್ದಾರೆ? ಇಂಗ್ಲಿಷ್ ಪುಟವನ್ನು ದಿನಾ ಕಾಯುವವರು ತುಂಬಾ ಜನ. ಕನ್ನಡದಲ್ಲಿ ನಿಯಮಿತವಾಗಿ ಬರೆಯುವವರೇ ಕಡಿಮೆ, ಅದರಲ್ಲಿ ವೈದ್ಯಕೀಯ ಪುಟ ನೋಡುವವರು ಇನ್ನೂ ಕಡಿಮೆ. ಲೇಖನ ಬರೆಯುವ ಕಾರ್ಯಾಗಾರದ ದಿನ ಉತ್ಸಾಹ ಇರುತ್ತದೆ. ಹುಡುಗರು ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗುತ್ತಾರೆ. ಪುಟ ಮಾತ್ರ ಹಾಗೇ ಉಳಿಯುತ್ತದೆ.

ಇದು ಬರೀ ಊಹೆ ಅಲ್ಲ. 2010ರ ಸುಮಾರಿಗೆ ಗೂಗಲ್ ತನ್ನ ಅನುವಾದದ ಸಾಧನ ಬಳಸಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಕ್ಕೆ ಇಂಗ್ಲಿಷ್ ಲೇಖನಗಳನ್ನು ತರಿಸಿತು. ಉದ್ದುದ್ದ ಲೇಖನಗಳು ಬಂದವು. ಓದಲು ಆಗದ ವಾಕ್ಯಗಳೂ ಬಂದವು. ಅವನ್ನು ತಿದ್ದುವ ಹೊರೆ ಬಿದ್ದದ್ದು ಇಲ್ಲಿನ ಬೆರಳೆಣಿಕೆಯ ಜನರ ಮೇಲೆ. ಸಿನಿಮಾ ಲೇಖನ ಹಾಗಿದ್ದರೆ ಬೇಜಾರಾಗುತ್ತದೆ, ಅಷ್ಟೆ. ಚಿಕಿತ್ಸೆಯ ಲೇಖನ ಹಾಗಿದ್ದರೆ ರೋಗಿಗೆ ಪೆಟ್ಟು.

ಆಕರಕೋಶದ ವಿಷಯ ಎಷ್ಟು ಜಾರುತ್ತದೆ ನೋಡಿ. 2014ರಲ್ಲಿ ಜಪಾನಿನಲ್ಲಿ, ವಯಸ್ಸಾದಂತೆ ಅಕ್ಷಿಪಟಲ (ರೆಟಿನಾ) ಹಾಳಾಗುವ ಕಾಯಿಲೆ ಇದ್ದ ಮಹಿಳೆಯೊಬ್ಬರ ಕಣ್ಣಿಗೆ, ಅವರದೇ ಚರ್ಮದ ಕೋಶದಿಂದ ಯಮನಾಕ ದಾರಿಯಲ್ಲಿ ಬೆಳೆಸಿದ ತೆಳು ಪದರವನ್ನು ಕಸಿ ಮಾಡಿದರು. ಒಂದೇ ಕಣ್ಣಿಗೆ, ಸುರಕ್ಷಿತವೇ ಎಂದು ನೋಡಲು. ಅಮೆರಿಕದ ಫ್ಲಾರಿಡಾದಲ್ಲಿ ಅದೇ ಕಾಯಿಲೆಯ ಮೂವರು ಮಹಿಳೆಯರು ಕ್ಲಿನಿಕ್ಕೊಂದಕ್ಕೆ ದುಡ್ಡು ಕೊಟ್ಟು ಎರಡೂ ಕಣ್ಣಿಗೆ ಕೊಬ್ಬಿನಿಂದ ತೆಗೆದ ಕೋಶಗಳನ್ನು ಚುಚ್ಚಿಸಿಕೊಂಡರು. ಅವರ ದೃಷ್ಟಿ ಹೋದದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಎರಡು ಘಟನೆಯೂ ಕಣ್ಣಿನದೇ, ಎರಡಕ್ಕೂ ಹೆಸರು ಆಕರಕೋಶ. ಇವೆರಡರ ನಡುವಿನ ದೂರ ಗೊತ್ತಿಲ್ಲದವರು ಒಂದೇ ಪ್ಯಾರಾದಲ್ಲಿ ಸೇರಿಸಿ, ಆಕರಕೋಶದಿಂದ ಕಣ್ಣಿನ ಚಿಕಿತ್ಸೆ ಎಂದು ಬರೆದುಬಿಡಬಹುದು. ಕೆಳಗೆ ಆಧಾರವೂ ಇರುತ್ತದೆ. ಆದರೂ ತಪ್ಪೇ.

ಇಂಗ್ಲಿಷಿನಲ್ಲಿ 'ಪರೀಕ್ಷೆಯ ಹಂತದಲ್ಲಿದೆ' ಎಂಬ ಅರ್ಥದ್ದು ಕನ್ನಡಕ್ಕೆ ಬರುವಾಗ 'ಬಳಸಲಾಗುತ್ತಿದೆ' ಆದರೆ ಸಾಕು. ಅದೇ ಪುಟವನ್ನು ಕ್ಲಿನಿಕ್ಕಿನವರೇ ತೋರಿಸುತ್ತಾರೆ, ನೋಡಿ ವಿಕಿಪೀಡಿಯದಲ್ಲೇ ಇದೆ ಎಂದು. ಏನೂ ಬರೆಯದಿದ್ದರೆ ಅವರಿಗೆ ಆ ಆಸರೆ ಇರುವುದಿಲ್ಲ.

ಈ ಹುಡುಗರ ಶ್ರಮಕ್ಕೆ ಇಲ್ಲೇ ಕೆಲಸವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಬೇಸಿಗೆ ಬಂದರೆ ನಮ್ಮ ಆರೋಗ್ಯ ಕೇಂದ್ರಗಳಿಗೆ ಅದೇ ಚಿಂತೆ. ಹಳೇ ಲಸಿಕೆ ನಿಂತಿದೆ. ಉಣುಗು ಎಲ್ಲಿ ಹತ್ತುತ್ತದೆ, ದರಗು (ಒಣ ಎಲೆ) ತರಲು ಕಾಡಿಗೆ ಹೋಗುವವರು ಮೈಗೆ ಏನು ಹಚ್ಚಬೇಕು, ಜ್ವರ ಬಂದರೆ ಎಷ್ಟು ಬೇಗ ಬರಬೇಕು, ಇದನ್ನೆಲ್ಲ ಬರೆಯಲಿ. ಇದನ್ನು ನೋಡಿದ ನರ್ಸ್, ಆಶಾ ಕಾರ್ಯಕರ್ತೆ, ಕಾಯಿಲೆ ಬಂದು ಬದುಕಿದವರು ಪಕ್ಕದ ಮನೆಯಲ್ಲೇ ಇದ್ದಾರೆ. ಲೇಖನದಲ್ಲಿ ತಪ್ಪಿದ್ದರೆ ಮಾರನೇ ದಿನವೇ ಯಾರಾದರೂ ಹೇಳುತ್ತಾರೆ. ಆಕರಕೋಶಕ್ಕೆ ಅಂಥ ಕಾವಲು ನಮ್ಮಲ್ಲಿಲ್ಲ.

ಬರೆದೇ ತೀರುತ್ತೇವೆ ಎನ್ನುವುದಾದರೆ ನನ್ನದೊಂದು ಕೇಳಿಕೆ. ಕೋಶ ಹೇಗೆ ಒಡೆಯುತ್ತದೆ, ಯಮನಾಕ ಏನು ಮಾಡಿದರು ಎನ್ನುವುದನ್ನು ಧಾರಾಳವಾಗಿ ಬರೆಯಿರಿ, ಅದಕ್ಕೆ ನನ್ನ ತಕರಾರಿಲ್ಲ. ಚಿಕಿತ್ಸೆ ಎಂಬ ಭಾಗವನ್ನು ಮಾತ್ರ ರಕ್ತರೋಗದ ವೈದ್ಯರೊಬ್ಬರು ಸಾಲು ಸಾಲಾಗಿ ಓದುವ ತನಕ ನಿಮ್ಮ ಕರಡು ಪುಟದಲ್ಲೇ ಇಡಿ. ಮತ್ತೆ ಪ್ರತಿ ವರ್ಷ ಅದನ್ನು ಯಾರು ತೆರೆದು ನೋಡುತ್ತಾರೆ ಎನ್ನುವುದನ್ನು ಕಾರ್ಯಾಗಾರ ಶುರುವಾಗುವ ಮೊದಲೇ ತೀರ್ಮಾನ ಮಾಡಿ. ಆ ಜವಾಬ್ದಾರಿ ಹೊರುವವರು ಯಾರೂ ಸಿಗದಿದ್ದರೆ ಆ ಭಾಗ ಬರೆಯಬೇಡಿ.