ಒಂದು ಬೆರಳಿನ ಬಾಕಿ

‘ರೀ, ಅಲ್ನೋಡ್ರೀ!’ ಎಂದು ಹೆಂಡತಿ ಕೂಗಿದಾಗಲೆಲ್ಲ ನಾನು ನೋಡುತ್ತಿದ್ದದ್ದು ಎದುರಿನಿಂದ ಬರುವ ಗಾಡಿಯ ಮೂತಿಯನ್ನು. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಪೋರ್ಟ್ರಿಯಿಂದ ಹೊರಟು, ಟ್ರಾಟರ್ನಿಶ್ ಕರಾವಳಿ ಸುತ್ತಿ, ಪೋರ್ಟ್ರಿಗೇ ಬಂದು ಸೇರುವ ಸುಮಾರು 50 ಮೈಲಿಯ ದಾರಿ ಕಣ್ಣಿಗೆ ಹಬ್ಬ ಅನ್ನುತ್ತಾರೆ. ಹಾಗೆ ಅನ್ನುವವರೆಲ್ಲ ಪಕ್ಕದ ಸೀಟಿನವರು.  

ಓಲ್ಡ್ ಮ್ಯಾನ್ ಆಫ್ ಸ್ಟಾರ್ ಎಂಬ ಕಲ್ಲು ಮುದುಕ ಮಂಜಿನ ಕಂಬಳಿಯನ್ನು ತಲೆತನಕ ಎಳೆದುಕೊಂಡಿದ್ದ. ಕಿಲ್ಟ್ ರಾಕ್ ಎಂಬ ಕಡಲಂಚಿನ ಬಂಡೆಯ ಬಸಾಲ್ಟ್ ಕಂಬಗಳು ಥೇಟ್ ಲಂಗದ ನೆರಿಗೆ. ‘ಲಂಗ ಅಲ್ಲ, ಸೀರೆ ನೆರಿಗೆ’ ಎಂದು ಹೆಂಡತಿ ತಿದ್ದಿದಳು. ಅದರ ಪಕ್ಕದಲ್ಲೇ ನೀರು ಸುಮಾರು 55 ಮೀಟರ್ ಎತ್ತರದಿಂದ ಸೀದಾ ಸಮುದ್ರಕ್ಕೆ ಬೀಳುತ್ತದೆ. ಅರ್ಧ ನಮ್ಮ ಮುಖಕ್ಕೂ ಬಿತ್ತು.

ಇರಲಿ. ನಾನು ಹೇಳಬೇಕೆಂದಿದ್ದು ಬೆರಳಿನ ವಿಷಯ.

ಸ್ಟಾಫಿನ್‌ನಿಂದ ಕ್ವಿರಾಂಗ್ ಬೆಟ್ಟಕ್ಕೆ ಹತ್ತುವ ರಸ್ತೆಯ ಅಗಲ ಒಂದೇ ಕಾರಿನಷ್ಟು. ಅಲ್ಲಲ್ಲಿ ‘ಪಾಸಿಂಗ್ ಪ್ಲೇಸ್’ ಎಂದು ಫಲಕ ನೆಟ್ಟು ರಸ್ತೆಗೊಂದು ಸಣ್ಣ ಹೊಟ್ಟೆ ಬರಿಸಿರುತ್ತಾರೆ. ಅದು ನಮ್ಮ ಎಡಕ್ಕಿದ್ದರೆ ಒಳಗೆ ಸರಿಯಬೇಕು. ಬಲಕ್ಕಿದ್ದರೆ ಅದರ ಎದುರಿಗೇ ನಿಂತು ಬರುವವರಿಗೆ ಜಾಗ ಮಾಡಿಕೊಡಬೇಕು. ದಾಟಿದವರು ಸ್ಟೀರಿಂಗ್ ಮೇಲಿನ ಬೆರಳೆತ್ತಿ ಕೃತಜ್ಞತೆ ಸಲ್ಲಿಸಬೇಕು. ಊರಿನವರು ತೋರುಬೆರಳು ಒಂದನ್ನೇ ಎತ್ತುತ್ತಾರೆ, ಅದೂ ಅರ್ಧ ಇಂಚು. ಪ್ರವಾಸಿಗರು ಇಡೀ ಅಂಗೈ ಎತ್ತಿ ಮಠದ ಸ್ವಾಮಿಗಳ ಹಾಗೆ ಆಶೀರ್ವದಿಸುತ್ತಾರೆ. ನಾನು ಮೊದಲ ಸಲ ಅಭ್ಯಾಸಬಲದಿಂದ ಎರಡೂ ಕೈ ಜೋಡಿಸಿಬಿಟ್ಟೆ. ಆಗ ಹೆಂಡತಿ ಕೂಗಿದ್ದು ದೃಶ್ಯ ನೋಡಿ ಅಲ್ಲ. ಹತ್ತನೆಯ ಕಾರಿನ ಹೊತ್ತಿಗೆ ನನ್ನ ಬೆರಳು ಪಳಗಿತ್ತು. ಬೆರಳಿಗೆ ಬೆರಳು ಸಿಕ್ಕಿದಾಗಲೆಲ್ಲ ಯಾವುದೋ ಹಳೆಯ ಸಂಘದ ಸದಸ್ಯನಾದಷ್ಟು ಹೆಮ್ಮೆ.

ಆಗ ಬಂತು ಬಿಳಿ ವ್ಯಾನು. ಅದರ ಹಿಂದೆ ಇಪ್ಪತ್ತೇ ಹೆಜ್ಜೆಗೆ ಜಾಗವಿತ್ತು. ಆದರೂ ಹಿಂದಕ್ಕೆ ಹೋದವನು ನಾನು. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಕುರಿಗಳು. ಬೆವರಿಳಿಸಿಕೊಂಡು ಹೊಟ್ಟೆಯೊಳಗೆ ಸೇರಿಕೊಂಡೆ. ವ್ಯಾನಿನವನು ದಾಟಿ ಹೋದ. ಬೆರಳಿಲ್ಲ. ಹುಬ್ಬೂ ಇಲ್ಲ. ನನ್ನ ಕಡೆ ನೋಡುವಷ್ಟೂ ಪುರುಸೊತ್ತಿರಲಿಲ್ಲ ಮಹಾನುಭಾವನಿಗೆ. ಮುಂದಿನ ಪಾಸಿಂಗ್ ಪ್ಲೇಸಿನಲ್ಲಿ ಇನ್ನೊಬ್ಬರು ಕಾರು ನಿಲ್ಲಿಸಿ, ಟ್ರೈಪಾಡ್ ಹೂಡಿ, ಫೋಟೊ ತೆಗೆಯುತ್ತಿದ್ದರು. ಯಮಧರ್ಮರಾಯ ಇಂಥವರಿಗೆಂದೇ ಒಂದು ಕೊಪ್ಪರಿಗೆ ಎಣ್ಣೆ ಕಾಯಿಸಿಟ್ಟಿದ್ದರೆ ನನ್ನ ಅಭ್ಯಂತರವಿಲ್ಲ.

ಕ್ವಿರಾಂಗ್ ಇರುವುದೇ ಭೂಕುಸಿತದಿಂದ. ಬೆಟ್ಟ ಈಗಲೂ ಜಾರುತ್ತಲೇ ಇದೆ. ಅದರಿಂದಾಗಿ ಫ್ಲಾಡಿಗ್ಯಾರಿಯ ಬಳಿ ವರ್ಷವರ್ಷವೂ ರಸ್ತೆ ರಿಪೇರಿ. ಬೆಟ್ಟವೇ ಪಕ್ಕಕ್ಕೆ ಸರಿಯುವ ಊರಿನಲ್ಲಿ ಆ ವ್ಯಾನಿನವನಿಗೆ ಏನಾಗಿತ್ತು ಧಾಡಿ? ಡಂಟಲ್ಮ್ ಕೋಟೆಯ ಪಾಳುಗೋಡೆ ಎಡಕ್ಕಿತ್ತೋ ಬಲಕ್ಕಿತ್ತೋ, ಕೇಳಬೇಡಿ.

ಕಿಲ್‌ಮ್ಯೂರಿನಲ್ಲಿ ಫ್ಲೋರಾ ಮೆಕ್‌ಡೊನಾಲ್ಡಳ ಸಮಾಧಿ. ಎತ್ತರದ ಶಿಲುಬೆಯ ಕೆಳಗೆ ನಿಂತು ಹೆಂಡತಿ ಕಥೆ ಹೇಳಿದಳು: 1746ರಲ್ಲಿ ಬ್ರಿಟನ್ನಿನ ಸಿಂಹಾಸನಕ್ಕಾಗಿ ಹೋರಾಡಿ ಯುದ್ಧ ಸೋತ ರಾಜಕುಮಾರ ಚಾರ್ಲ್ಸ್, ತಲೆಗೆ 30,000 ಪೌಂಡ್ ಬಹುಮಾನ, ಅವನಿಗೆ ಲಂಗ ತೊಡಿಸಿ, ಬೆಟ್ಟಿ ಬರ್ಕ್ ಎಂಬ ಕೆಲಸದವಳ ವೇಷ ಹಾಕಿಸಿ, ದೋಣಿಯಲ್ಲಿ ಇಲ್ಲಿಗೆ ಕರೆತಂದ ಇಪ್ಪತ್ತನಾಲ್ಕರ ಹುಡುಗಿ. ಅದಕ್ಕಾಗಿ ಸೆರೆಮನೆ ಕಂಡವಳೂ ಅವಳೇ. ನಾಲ್ಕೂ ಕಡೆ ಗಾಳಿ, ಕೆಳಗೆ ಬೂದು ಸಮುದ್ರ. ಬೆಳಗಿನಿಂದ ಮೊದಲ ಸಲ ನೆಮ್ಮದಿಯಾಗಿ ನೋಡಬಹುದಾಗಿತ್ತು.

‘ಕೊನೆಗೆ ಅವನು ಥ್ಯಾಂಕ್ಸ್ ಹೇಳಿದನಾ?’ ಎಂದೆ.

‘ಯಾರು, ರಾಜಕುಮಾರಾನಾ?’ ಎಂದಳು. ಆಮೇಲೆ ನನ್ನ ಮುಖ ನೋಡಿದಳು. ‘ಇನ್ನೂ ಆ ವ್ಯಾನಲ್ಲೇ ಇದ್ದೀರೇನ್ರೀ?’