ತೆರೆಮಿನ್ ಮೈಯೊಳಗಿನ ಕರೆಂಟನ್ನು ಎಳೆದುಕೊಳ್ಳುವುದಿಲ್ಲ

‘ತೆರೆಮಿನ್ ಎಂಬ ವಾದ್ಯ ನಮ್ಮ ಮೈಯೊಳಗಿನ ಕರೆಂಟನ್ನು ಎಳೆದುಕೊಂಡು ಹಾಡುತ್ತದೆ, ಮಳೆಗಾಲದಲ್ಲಿ ಅದರ ಹತ್ತಿರ ಕೈ ಚಾಚಿದರೂ ಶಾಕ್ ಹೊಡೆಯುತ್ತದೆ, ಅದು ಅಮೆರಿಕದ ರಾಬರ್ಟ್ ಮೂಗ್ ಕಂಡುಹಿಡಿದದ್ದು’ ಎಂಬ ಸಂದೇಶ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಮೂರೂ ತಪ್ಪು.

ತೆರೆಮಿನ್ ಮುಟ್ಟದೆಯೇ, ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ. ಅದರ ಪೆಟ್ಟಿಗೆಯೊಳಗೆ ನಮ್ಮ ಕಿವಿಗೆ ಎಟುಕದಷ್ಟು ವೇಗವಾಗಿ ಕಂಪಿಸುವ ಎರಡು ಆಂದೋಲಕಗಳಿರುತ್ತವೆ, ಅಂದರೆ ವಿದ್ಯುತ್ ಕಂಪನ ಹುಟ್ಟಿಸುವ ಸರ್ಕ್ಯೂಟ್‌ಗಳು. ಒಂದರ ಕಂಪನ ಸ್ಥಿರ. ಇನ್ನೊಂದು ನೇರವಾಗಿ ನಿಂತ ಆಂಟೆನಾಕ್ಕೆ ಜೋಡಿಸಿದ್ದು; ಕೈ ಹತ್ತಿರ ಬಂದಂತೆ ಅದರ ಕಂಪನ ತುಸು ಬದಲಾಗುತ್ತದೆ. ಒಂದು 1,70,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಇನ್ನೊಂದು 1,69,560 ಹರ್ಟ್ಸ್ ಎಂದಿಟ್ಟುಕೊಳ್ಳಿ. ನಮಗೆ ಕೇಳುವುದು ಅವುಗಳ ವ್ಯತ್ಯಾಸವಾದ 440 ಹರ್ಟ್ಸ್ ಮಾತ್ರ. ಕೈ ಇಲ್ಲಿ ಕೆಪಾಸಿಟರ್‌ನ (ಎರಡು ತಟ್ಟೆಗಳ ನಡುವೆ ವಿದ್ಯುದಂಶ ಹಿಡಿದಿಡುವ ಭಾಗ) ಒಂದು ತಟ್ಟೆಯಂತೆ ವರ್ತಿಸುತ್ತದೆ, ಅಷ್ಟೇ. ಬಳೆಯಾಕಾರದ ಎರಡನೆಯ ಆಂಟೆನಾ ದನಿಯನ್ನು ಜೋರು ಅಥವಾ ಮೆಲ್ಲಗೆ ಮಾಡಲು. ಎಷ್ಟು ಸೊಗಸಾದ ಕಲ್ಪನೆ!

ಹತ್ತಿರ ಕೈ ಚಾಚಿದರೆ ಶಾಕ್ ಹೊಡೆಯುವುದಿಲ್ಲ; ಆದರೆ ಮಳೆಯ ಮಾತಿನಲ್ಲಿ ಒಂದೆಳೆ ಸತ್ಯವಿದೆ. ಆಗುಂಬೆಯಂಥ ಕಡೆ ತೇವ ಹೆಚ್ಚಿದಾಗ ಶ್ರುತಿ ಜಾರಬಹುದು, ಮತ್ತೆ ಹೊಂದಿಸಿಕೊಳ್ಳಬೇಕು. ಆದರೆ ಹಳೆಯ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಮಾದರಿಗಳ ಒಳಗೆ ಅಪಾಯಕಾರಿ ವೋಲ್ಟೇಜ್ ಇರುತ್ತದೆ. ಅವುಗಳ ಪೆಟ್ಟಿಗೆಯನ್ನು ತಿಳಿಯದವರು ದಯವಿಟ್ಟು ಬಿಚ್ಚಬೇಡಿ.

ಇದನ್ನು ರೂಪಿಸಿದವರು ರಷ್ಯಾದ ಲೆವ್ ತೆರೆಮಿನ್, 1920ರ ಸುಮಾರಿಗೆ. ಅಮೆರಿಕದ ಪೇಟೆಂಟ್ ದೊರೆತದ್ದು 1928ರಲ್ಲಿ. ರಾಬರ್ಟ್ ಮೂಗ್ ಹುಟ್ಟಿದ್ದೇ 1934ರಲ್ಲಿ! ಅವರು ಮೊದಲು ತೆರೆಮಿನ್‌ಗಳನ್ನು ತಯಾರಿಸಿ ಮಾರಿ, 1964ರಲ್ಲಿ ತಮ್ಮ ಸಿಂಥಸೈಜರ್‌ಗೆ (ವಿದ್ಯುತ್ತಿನಿಂದ ನಾನಾ ದನಿ ಹುಟ್ಟಿಸುವ ವಾದ್ಯ) ಕೈಹಾಕಿದರು.